ಶಿಶುರಕ್ಷಣೆಯೂ ಸಜ್ಜನರ ಮೌನವೂ

ಮಕ್ಕಳೇ ಮನೆಯ ಭಾಗ್ಯವೆಂದು ಹೇಳದ ಗೃಹಸ್ಥನು ಕನ್ನಡ ನಾಡಿನಲ್ಲಿ ದೊರೆಯಲಾರನು. ಆ ಭಾಗ್ಯದ ಕಾವಲಿಗೆ ಏನು ಮಾಡಿರುವಿರೆಂದು ಕೇಳಿದರೆ, ಹಾಲು ಹಣ್ಣು ಕೊಡುತ್ತೇವೆ, ಶಾಲೆಗೆ ಶುಲ್ಕ ತೆರುತ್ತೇವೆ, ದೃಷ್ಟಿ ತಾಗದಂತೆ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತೇವೆ ಎಂಬ ಉತ್ತರ ಬರುವುದು. ಆದರೆ ಮಗುವಿನ ಮೈಮೇಲೆ ಕಾಮುಕನ ಕೈ ಬೀಳುವುದುಂಟೆಂಬ ಮಾತನ್ನೆತ್ತಿದೊಡನೆ ಸಭೆಯಲ್ಲಿ ಕೆಮ್ಮು ಹುಟ್ಟುತ್ತದೆ. ಹಿರಿಯರು ಕಿಟಕಿಯ ಕಡೆ ನೋಡುತ್ತಾರೆ. ಹೆಂಗಸರು ಒಳಮನೆಗೆ ಸರಿಯುತ್ತಾರೆ. ಈ ಕೆಮ್ಮಿಗೆ ಮರ್ಯಾದೆಯೆಂದು ಹೆಸರು. ಇದು ನಿಜವಾಗಿ ಮರ್ಯಾದೆಯೋ, ದುಷ್ಟನ ತಲೆಯ ಮೇಲೆ ಸಜ್ಜನರು ಹಿಡಿದ ಕೊಡೆಯೋ ಎಂಬುದನ್ನು ವಿಚಾರಿಸತಕ್ಕ ಕಾಲವು ಬಂದಿದೆ.

ಚೈತ್ರಮಾಸದಲ್ಲಿ ವಿರೂಪಾಕ್ಷಸ್ವಾಮಿಯ ರಥೋತ್ಸವದ ದಿನ ಹಂಪಿ ಬಜಾರಿನಲ್ಲಿ ನಿಂತವರಿಗೆ ಒಂದು ನೋಟವು ತಪ್ಪದೆ ಕಾಣುವುದು. ಹಿರಿಯ ಗೋಪುರದಿಂದ ಎದುರು ಬಸವಣ್ಣನವರೆಗೆ ಜನವೋ ಜನ. ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದ ಬಂದ ಸಂಸಾರಗಳು ಒಂದೆಡೆ, ದೇಶವಿದೇಶದ ಯಾತ್ರಿಕರು ಮತ್ತೊಂದೆಡೆ. ತಾಯಂದಿರು ಮಕ್ಕಳ ಮುಂಗೈಯನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಗುರುತಿಲ್ಲದವರು ಮಿಠಾಯಿ ಕೊಟ್ಟರೆ ಮುಟ್ಟಬೇಡವೆಂದು ಹೇಳಿರುತ್ತಾರೆ. ಎಚ್ಚರಿಕೆ ಒಳ್ಳೆಯದೇ. ಆದರೆ ತೇರು ನೆಲೆಗೆ ಬಂದು ಸಂಸಾರವು ಊರಿಗೆ ಮರಳಿದೊಡನೆ ಆ ಕೈ ಸಡಿಲವಾಗುತ್ತದೆ. ಬೇಸಗೆಯ ರಜೆಗೆ ಬಂದಿಳಿದ ಬಂಧು, ಮನೆಪಾಠದ ಮೇಷ್ಟರು, ನೆರೆಮನೆಯ ಯಜಮಾನರು, ಶಾಲೆಗೆ ಕರೆದೊಯ್ಯುವ ಆಟೋದವನು, ಇವರ ವಶಕ್ಕೆ ಮಗುವನ್ನು ಒಪ್ಪಿಸುವಾಗ ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕಗಳಾದರೋ ಬೇರೆಯನ್ನೇ ಹೇಳುತ್ತವೆ. ಮಕ್ಕಳ ಮೇಲಿನ ಬಲಾತ್ಕಾರದ ಮೊಕದ್ದಮೆಗಳಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚಿನವುಗಳಲ್ಲಿ ಆಪಾದಿತನು ಆ ಮಗುವಿಗೆ ಮೊದಲೇ ಗೊತ್ತಿದ್ದವನು. ಬಜಾರಿನಲ್ಲಿ ನೂರು ಕಣ್ಣು ತೆರೆದು, ಮನೆಯ ಪಡಸಾಲೆಯಲ್ಲಿ ಎರಡು ಕಣ್ಣನ್ನೂ ಮುಚ್ಚುವುದು ಎಲ್ಲಿಯ ಜಾಣತನ?

ಈ ಮೌನವನ್ನು ಸಮರ್ಥಿಸುವ ಮಹನೀಯರ ವಾದಗಳು ಹಲವು. ಒಂದೊಂದನ್ನೇ ಪೂರ್ವಪಕ್ಷವಾಗಿರಿಸಿಕೊಂಡು ಪರಿಶೀಲಿಸುವುದು ಯುಕ್ತ.

ಮೊದಲನೆಯ ವಾದ: “ಇಂಥವು ಕುಲೀನರ ಮನೆಗಳಲ್ಲಿ ನಡೆಯುವುದಿಲ್ಲ, ಬಸವಿ ಬಿಡುವವರಲ್ಲಿ, ಮುತ್ತು ಕಟ್ಟುವವರಲ್ಲಿ ನಡೆಯುತ್ತವೆ.” ಬಳ್ಳಾರಿ ಸೀಮೆಯ ಆ ಪದ್ಧತಿಯ ಚರಿತ್ರೆಯೇ ಈ ವಾದಕ್ಕೆ ಉತ್ತರ. ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು ೧೯೩೦ರಲ್ಲಿ ಮದರಾಸಿನ ಶಾಸನಸಭೆಯ ಮುಂದಿಟ್ಟ ವಿಚಾರವು ಕಾಯಿದೆಯಾಗಿ ಹೊರಬಂದದ್ದು ೧೯೪೭ರಲ್ಲಿ. ಹೊಸಪೇಟೆಯೂ ಕಂಪ್ಲಿಯೂ ಆಗ ಮದರಾಸು ಪ್ರಾಂತಕ್ಕೇ ಸೇರಿದ್ದವು. ಬಳ್ಳಾರಿ ಜಿಲ್ಲೆಯು ೧೯೫೩ರಲ್ಲಿ ಮೈಸೂರಿಗೆ ಬಂದಿತು. ೧೯೮೨ರಲ್ಲಿ ಕರ್ನಾಟಕವು ತನ್ನದೇ ನಿಷೇಧ ಶಾಸನವನ್ನು ಮಾಡಿತು. ಇಷ್ಟಾದರೂ ೧೯೯೩-೯೪ರಲ್ಲಿಯೂ ೨೦೦೭-೦೮ರಲ್ಲಿಯೂ ನಡೆದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು ೪೬,೬೬೦ ದೇವದಾಸಿಯರನ್ನು ಗುರುತಿಸಿದವು. ಮೈನೆರೆದೊಡನೆಯೇ ದೇವರ ಹೆಸರಿನಲ್ಲಿ ಎಳೆಯ ಹುಡುಗಿಯರನ್ನು ಇಟ್ಟುಕೊಂಡವರು ಯಾರು? ಹರಕೆ ಕಟ್ಟಿದ ಬಡತಾಯಿಯನ್ನು ಎಲ್ಲರೂ ಬಲ್ಲರು. ಹಾಸಿಗೆಯ ಬೆಲೆ ತೆತ್ತ ಉಳ್ಳವನ ಹೆಸರು ಮಾತ್ರ ಯಾವ ಸಮೀಕ್ಷೆಯಲ್ಲಿಯೂ ಬರಲಿಲ್ಲ. ಅವನು ಊರಿನ ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳಿದವನು. ಊರಿಗೆಲ್ಲ ಗೊತ್ತಿದ್ದುದನ್ನು ಊರೆಲ್ಲ ನುಂಗಿಕೊಂಡಿತು. ಕಾಯಿದೆಯು ಕಾಗದದ ಮೇಲೆ ಮಲಗಿದ್ದಕ್ಕೆ ಈ ನುಂಗುವಿಕೆಯೇ ಕಾರಣ. ಪದ್ಧತಿಯು ಎಲ್ಲೆಲ್ಲಿ ಸಡಿಲಿತೋ ಅಲ್ಲೆಲ್ಲ, ವಿಮುಕ್ತರಾದ ಹೆಂಗಸರೇ ಕೇರಿಕೇರಿಗೆ ಹೋಗಿ, ತಮಗಾದುದನ್ನು ಬಾಯಿಬಿಟ್ಟು ಹೇಳಿ, “ನಿನ್ನ ಮಗಳನ್ನು ಬಿಡಬೇಡ” ಎಂದು ತಾಯಂದಿರ ಕೈಹಿಡಿದದ್ದು ದೊಡ್ಡ ಬಲವಾಯಿತು. ಅಕ್ಷರವಿಲ್ಲದ ಆ ಹೆಂಗಸರಿಗೆ ಬಂದ ಧೈರ್ಯವು ಗ್ರಂಥಗಳನ್ನು ಕಪಾಟಿನಲ್ಲಿಟ್ಟುಕೊಂಡ ಮನೆಗಳಿಗೆ ಏಕೆ ಬರಬಾರದು?

ಕುಲೀನರ ಮನೆಯು ಈ ಪಿಡುಗಿಗೆ ಹೊರತೆಂಬುದೂ ಭ್ರಮೆಯೇ. ಭಾರತ ಸರ್ಕಾರದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಮಂತ್ರಾಲಯವು ೨೦೦೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ೧೩ ರಾಜ್ಯಗಳ ೧೨,೦೦೦ಕ್ಕೂ ಹೆಚ್ಚು ಮಕ್ಕಳನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಈಡಾದುದನ್ನು ಹೇಳಿದರು. ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳದಕ್ಕಿಂತ ಕಡಮೆಯಾಗಿರಲಿಲ್ಲ. “ಗಂಡುಹುಡುಗನಿಗೇನು ಭಯ” ಎನ್ನುವ ತಂದೆಯರು ಈ ಮಾತನ್ನು ಮತ್ತೊಮ್ಮೆ ಓದತಕ್ಕದ್ದು.

ಎರಡನೆಯ ವಾದ: “ಮಕ್ಕಳಿಗೆ ಗುಹ್ಯಾಂಗಗಳ ಹೆಸರು ಹೇಳಿಕೊಡುವುದು ಪಾಶ್ಚಾತ್ಯರ ಚಾಳಿ, ಪ್ರಾಚೀನರ ಮರ್ಯಾದೆಗೆ ವಿರುದ್ಧ.” ಹೀಗೆನ್ನುವವರು ಪ್ರಾಚೀನರನ್ನು ಓದಿದಂತೆ ತೋರುವುದಿಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಬಾಲಕರಿಗೆ ಮೊಟ್ಟಮೊದಲು ಕಲಿಸುತ್ತಿದ್ದ ಗ್ರಂಥಗಳಲ್ಲಿ ಅಮರಸಿಂಹನ ಕೋಶವೂ ಒಂದು. ಅದರ ಎರಡನೆಯ ಕಾಂಡದ ಮನುಷ್ಯವರ್ಗದಲ್ಲಿ ಅಂಗಾಲಿನಿಂದ ಮುಡಿಯವರೆಗೆ ದೇಹದ ಅವಯವಗಳೆಲ್ಲ ಕ್ರಮವಾಗಿ ಬರುತ್ತವೆ. ಸ್ತ್ರೀಪುರುಷರ ಗುಹ್ಯಾಂಗಗಳ ಪರ್ಯಾಯಪದಗಳೂ ಮೊಣಕಾಲು ಮೊಣಕೈಗಳ ಪದಗಳ ಸಾಲಿನಲ್ಲಿಯೇ, ಅದೇ ಛಂದಸ್ಸಿನಲ್ಲಿ, ಯಾವ ಸಂಕೋಚವೂ ಇಲ್ಲದೆ ಬರುತ್ತವೆ. ಎಂಟು ಹತ್ತು ವರ್ಷದ ವಟುಗಳು ಅದನ್ನು ಬೆಳಗಿನ ಜಾವದಲ್ಲಿ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿದರು. ಗುರುಗಳು ಎದುರಿಗೆ ಕುಳಿತು ಉಚ್ಚಾರಣೆ ತಿದ್ದಿದರು. ಅದರಿಂದ ಯಾವ ವಟುವೂ ಕೆಡಲಿಲ್ಲ. ನಾಚಿಕೆಯು ಹೆಸರಿನಲ್ಲಿಲ್ಲ, ನಡತೆಯಲ್ಲಿದೆ ಎಂಬುದನ್ನು ಆ ಕಾಲದವರು ಅರಿತಿದ್ದರು.

ಈಗಿನ ಮನೆಗಳಲ್ಲಾದರೋ ಮಗುವಿಗೆ ಕಣ್ಣು, ಮೂಗು, ಕಿವಿಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ಹೊಟ್ಟೆಯ ಕೆಳಗೆ ಬಂದೊಡನೆ “ಛೀ” ಎಂಬುದೊಂದೇ ಹೆಸರು. ಮಗುವು ಅದರಿಂದ ಕಲಿಯುವ ಪಾಠವೇನು? ಆ ಭಾಗದ ವಿಷಯವನ್ನು ಮನೆಯಲ್ಲಿ ಎತ್ತಕೂಡದೆಂಬುದು, ಎತ್ತಿದರೆ ಬೈಗುಳು ತನಗೇ ಎಂಬುದು. ದುಷ್ಟನಿಗೆ ಬೇಕಾದುದೂ ಅಷ್ಟೇ. “ಯಾರಿಗೂ ಹೇಳಬೇಡ” ಎಂದು ಅವನು ಹೊಸದಾಗಿ ಕಲಿಸಬೇಕಾದ ಶ್ರಮವಿಲ್ಲ. ತಾಯಿತಂದೆಯರೇ ಕಲಿಸಿ ಕಳುಹಿಸಿದ್ದಾರೆ. ಹೆಸರಿಲ್ಲದ ಅಂಗಕ್ಕಾದ ಅಪಕಾರಕ್ಕೆ ದೂರು ಎಲ್ಲಿಂದ ಹುಟ್ಟೀತು?

ಮೂರನೆಯ ವಾದ: “ಬೇಡವೆನ್ನಲು ಮಕ್ಕಳಿಗೆ ಕಲಿಸಿದರೆ ಗುರುಹಿರಿಯರಲ್ಲಿ ಭಕ್ತಿ ಉಳಿಯದು.” ಭಕ್ತಿಯೆಂಬುದು ಅಷ್ಟು ಸಡಿಲವಾದ ಗಂಟೇ? ನಮಸ್ಕಾರವು ಕೈಜೋಡಿಸುವುದರಲ್ಲಿದೆ, ಮೈಯೊಪ್ಪಿಸುವುದರಲ್ಲಿಲ್ಲ. ಮಗುವು ಒಲ್ಲೆನೆಂದು ಮುಖ ತಿರುಗಿಸಿದರೂ “ಮಾವನಿಗೆ ಒಂದು ಮುತ್ತು ಕೊಡು, ತೊಡೆಯ ಮೇಲೆ ಕೂತುಕೋ, ಅವರು ಬೇಜಾರು ಮಾಡಿಕೊಳ್ಳುತ್ತಾರೆ” ಎಂದು ನೂಕುವ ಪದ್ಧತಿಯು ಮನೆಮನೆಯಲ್ಲಿಯೂ ಉಂಟು. ದೊಡ್ಡವರ ಬೇಜಾರು ಮಗುವಿನ ಅಂಜಿಕೆಗಿಂತ ದೊಡ್ಡದೆಂದು ಅಲ್ಲಿ ತೀರ್ಪಾಗುತ್ತದೆ. ನಿಷ್ಕಳಂಕನಾದ ಹಿರಿಯನು ಮಗುವಿನ “ಬೇಡ” ಎಂಬ ಮಾತಿಗೆ ನಕ್ಕು ಸುಮ್ಮನಾಗುತ್ತಾನೆ. ಆ ಮಾತಿಗೆ ಸಿಟ್ಟಾಗುವವನ ಮೇಲೆಯೇ ಕಣ್ಣಿಡತಕ್ಕದ್ದು.

ನಾಲ್ಕನೆಯ ವಾದವು ಎಲ್ಲಕ್ಕಿಂತ ಬಲವಾದುದು: “ದೂರು ಕೊಟ್ಟರೆ ಮಗುವಿನ ಹೆಸರು ಬೀದಿಗೆ ಬೀಳುವುದು, ಠಾಣೆ ಕಚೇರಿಗಳನ್ನು ಹತ್ತಿಳಿದು ಅದರ ಬಾಳೇ ಹಾಳಾಗುವುದು.” ಹಿಂದೆ ಇದರಲ್ಲಿ ಸತ್ಯವಿತ್ತು. ಆದರೆ ೨೦೧೨ರ ನವೆಂಬರ್ ೧೪ರಿಂದ ಜಾರಿಯಲ್ಲಿರುವ, ಜನರು ಪೋಕ್ಸೋ ಎಂದು ಕರೆಯುವ ಕಾಯಿದೆಯು ಈ ಭಯವನ್ನು ಕಣ್ಣಮುಂದಿಟ್ಟುಕೊಂಡೇ ರಚಿತವಾದುದು. ಹದಿನೆಂಟು ತುಂಬದ ಗಂಡು ಹೆಣ್ಣು ಮಕ್ಕಳಿಬ್ಬರಿಗೂ ಅದು ಸಮಾನ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೆ ಅದಕ್ಕೆ ಒಗ್ಗಿದ ಸ್ಥಳದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಅಧಿಕಾರಿಯು ಪೊಲೀಸ್ ಉಡುಪಿನಲ್ಲಿರಕೂಡದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿರಿಸಕೂಡದು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಾಗ ಆಪಾದಿತನು ಮಗುವಿನ ಕಣ್ಣಿಗೆ ಬೀಳಕೂಡದು. ಪತ್ರಿಕೆಗಳು ಅದರ ಹೆಸರು, ಮನೆ, ಶಾಲೆಗಳ ಸುಳಿವು ಕೊಟ್ಟರೆ ಅದೂ ಅಪರಾಧ. ವಿಚಾರಣೆಯು ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ಮುಗಿಯತಕ್ಕದ್ದು. ಇವೆಲ್ಲವೂ ಎಲ್ಲ ಕಡೆಯೂ ಅಕ್ಷರಶಃ ನಡೆಯುತ್ತವೆಂದು ಯಾರೂ ಹೇಳಲಾರರು. ಆದರೆ ತನಗೆ ಏನು ಸಲ್ಲಬೇಕೆಂಬುದನ್ನೇ ಅರಿಯದ ಮನೆಯು ಅದನ್ನು ಕೇಳಿ ಪಡೆಯುವುದಾದರೂ ಹೇಗೆ?

ಇನ್ನೊಂದು ಸಂಗತಿಯು ವಿದ್ಯಾವಂತರಲ್ಲಿಯೂ ಬಹುಮಂದಿಗೆ ತಿಳಿಯದು. ಇಂಥ ಅಪರಾಧವು ನಡೆದುದನ್ನು ಬಲ್ಲವರು ಪೊಲೀಸರಿಗೆ ತಿಳಿಸುವುದು ಆ ಕಾಯಿದೆಯಲ್ಲಿ ಇಷ್ಟಕ್ಕೆ ಬಿಟ್ಟ ಪುಣ್ಯಕಾರ್ಯವಲ್ಲ, ಕಡ್ಡಾಯವಾದ ಕರ್ತವ್ಯ. ಮುಚ್ಚಿಟ್ಟವನಿಗೆ ಆರು ತಿಂಗಳವರೆಗೆ ಸೆರೆವಾಸವುಂಟು; ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಹಿರಿಯರನ್ನು ಕೂಡಿಸಿ, ತಪ್ಪು ಕಾಣಿಕೆ ಕಟ್ಟಿಸಿ, “ಮಾತು ಇಲ್ಲಿಗೇ ಮುಗಿಯಲಿ” ಎಂದು ಎಲೆಯಡಿಕೆ ಹಂಚುವ ರಾಜಿಯು ನ್ಯಾಯವಲ್ಲ; ಅದೇ ಒಂದು ಅಪರಾಧ. ನಿರಪರಾಧಿಯ ಮೇಲೆ ಸುಳ್ಳು ದೂರು ಬಂದರೇನು ಗತಿಯೆಂದು ಕೇಳುವವರೂ ಉಂಟು. ಕೇಡು ಬಯಸಿ ಸುಳ್ಳು ದೂರು ಕೊಟ್ಟ ವಯಸ್ಕನಿಗೆ ಅದೇ ಕಾಯಿದೆಯಲ್ಲಿ ಶಿಕ್ಷೆಯುಂಟು. ಸದ್ಭಾವದಿಂದ ತಿಳಿಸಿದವನಿಗೆ ರಕ್ಷಣೆಯುಂಟು. ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಧೀಶರ ಕೆಲಸ. ಮನೆಯವರ ಕೆಲಸ ತಿಳಿಸುವುದು.

ಕಡೆಯ ವಾದ: “ಇದೆಲ್ಲ ಸರ್ಕಾರದ ಕೆಲಸ.” ಸರ್ಕಾರದ ಕೆಲಸವೂ ಹೌದು. ಕಾಯಿದೆಯ ವಿಷಯವನ್ನು ಜನರಿಗೂ ಮಕ್ಕಳಿಗೂ ತಿಳಿಯಪಡಿಸುವ ಹೊಣೆಯನ್ನು ಅದೇ ಕಾಯಿದೆಯು ಸರ್ಕಾರಗಳ ಮೇಲೆ ಹೊರಿಸಿದೆ. ಆದರೆ ಸಂಡೂರಿನ ಗಣಿಗೆ ದುಡಿಯಹೋದ ತಾಯಿಯ ಮಗುವನ್ನು, ಕಂಪ್ಲಿಯ ಕಬ್ಬಿನ ಗದ್ದೆಗೆ ಹೋದ ತಂದೆಯ ಮಗುವನ್ನು ಹಗಲೆಲ್ಲ ನೋಡುವವರು ಮಂತ್ರಿಗಳಲ್ಲ. ನೆರೆಹೊರೆಯವರು, ಅಂಗನವಾಡಿಯ ಕಾರ್ಯಕರ್ತೆಯರು, ಶಾಲೆಯ ಉಪಾಧ್ಯಾಯರು. ಹಂಪಿಯಲ್ಲಿ ಯಾತ್ರಿಕರ ಹಿಂದೆ ಓಡುವ ಹುಡುಗರನ್ನು ಕಾಣುವವರು ಅಂಗಡಿಯವರು, ಮಾರ್ಗದರ್ಶಿಗಳು, ಆಟೋ ನಡೆಸುವವರು, ತಂಗುಮನೆಗಳ ಮಾಲೀಕರು. ಇವರೆಲ್ಲರೂ ಕೂಡಿ ಕಲಿಯದೆ ಕಾವಲು ಸಿದ್ಧಿಸದು. ಗ್ರಾಮಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೆಂಬ ಏರ್ಪಾಡು ಇದ್ದೇ ಇದೆ. ಅದನ್ನು ಹಾರತುರಾಯಿಗಳಲ್ಲಿ ಮುಗಿಸದೆ ಈ ಪ್ರಶ್ನೆಗೆ ಒಂದು ಗಳಿಗೆ ಮೀಸಲಿಡಬಹುದು. ಪುರಾಣಶ್ರವಣಕ್ಕೂ ಕವಿಗೋಷ್ಠಿಗೂ ಬಾಗಿಲು ತೆರೆಯುವ ಸಾಹಿತ್ಯಸಂಘಗಳು ವರ್ಷಕ್ಕೊಂದು ಸಂಜೆ ಇದಕ್ಕೂ ತೆರೆದರೆ ಸರಸ್ವತಿಯು ಮುನಿಯಲಾರಳು.

ಕಲಿಸಬೇಕಾದುದು ಬಹಳವಿಲ್ಲ. ಮಗುವಿಗೆ ತನ್ನ ಮೈಯ ಎಲ್ಲ ಭಾಗಗಳ ಹೆಸರು ತಿಳಿದಿರಬೇಕು. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಮುಟ್ಟಬಾರದಲ್ಲಿ ಮುಟ್ಟಿದರೆ ಬೇಡವೆಂದು ಕೂಗಿ ಓಡಿಬರಲು ಅಪ್ಪಣೆಯಿರಬೇಕು. ನಡೆದುದನ್ನು ಹೇಳಿದರೆ ಪೆಟ್ಟು ಬೀಳದೆಂಬ ನಂಬಿಕೆಯಿರಬೇಕು. ದೊಡ್ಡವರು ಕಲಿಯಬೇಕಾದುದು ಇದಕ್ಕಿಂತ ಕಠಿನ: ಮಗುವು ಹೇಳಿದಾಗ ನಂಬುವುದು, “ನೀನೇಕೆ ಅಲ್ಲಿಗೆ ಹೋದೆ” ಎಂದು ಕೇಳದಿರುವುದು, ಬಂದವರೆಲ್ಲರ ಮುಂದೆ ಹೇಳಿಸಿ ಹೇಳಿಸಿ ಗಾಯವನ್ನು ಕೆದಕದಿರುವುದು, “ತಪ್ಪು ನಿನ್ನದಲ್ಲ” ಎಂದು ಬಾಯಿಬಿಟ್ಟು ಹೇಳುವುದು, ತಡಮಾಡದೆ ಠಾಣೆಗೆ, ಇಲ್ಲವೆ ಮಕ್ಕಳ ಸಹಾಯವಾಣಿಯ ೧೦೯೮ಕ್ಕೆ ತಿಳಿಸುವುದು.

ಮನೆತನದ ಮಾನವು ಮಗುವಿನ ಬಾಯಿ ಮುಚ್ಚಿಸಿ ಉಳಿಯತಕ್ಕ ವಸ್ತುವಾಗಿದ್ದರೆ, ಅಂಥ ಮಾನವು ಇದ್ದರೂ ಒಂದೇ, ಹೋದರೂ ಒಂದೇ. ಮಾನ ಹೋಗತಕ್ಕದ್ದು ಕೈ ಮಾಡಿದವನದು. ಅದನ್ನು ಹೊತ್ತು ತಿರುಗುವ ಶಿಕ್ಷೆಯನ್ನು ಕೂಸಿಗೆ ವಿಧಿಸುವ ಅಧಿಕಾರವು ಯಾವ ಶಾಸ್ತ್ರದಲ್ಲಿಯೂ ಯಾವ ಹಿರಿಯರಿಗೂ ಕೊಡಲ್ಪಟ್ಟಿಲ್ಲ.