ಮಾಸ್ಕ್ ಕಟ್ಟುವ ಮೊದಲು ಎಕೋ ಮಾಡಿಸಿ

ರಾತ್ರಿ ಎರಡು ಗಂಟೆ. ಹೃದಯ ವೈಫಲ್ಯದ ರೋಗಿ ಮಲಗಿದ್ದಾರೆ, ಗೊರಕೆಯಿಲ್ಲ. ಉಸಿರು ಮೆಲ್ಲಗೆ ಏರುತ್ತದೆ, ಏದುಸಿರಾಗುತ್ತದೆ, ಇಳಿಯುತ್ತದೆ, ಆಮೇಲೆ ನಿಂತೇಬಿಡುತ್ತದೆ. ಪಕ್ಕದಲ್ಲಿ ಕೂತವರು ಮನಸ್ಸಿನಲ್ಲೇ ಎಣಿಸುತ್ತಾರೆ: ಹತ್ತು, ಹದಿನೈದು, ಇಪ್ಪತ್ತು. ಎದೆ, ಹೊಟ್ಟೆ ಎರಡೂ ಅಲುಗುವುದಿಲ್ಲ. ಮತ್ತೆ ಸಣ್ಣಗೆ ಉಸಿರು ಶುರು.

ಡಬ್ಲಿನ್‌ನ ವೈದ್ಯರಾದ ಜಾನ್ ಚೇಯ್ನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ವಿವರಿಸಿದ ಉಸಿರಾಟ ಇದೇ. ನಿದ್ದೆಯಲ್ಲಿ ಬಂದರೆ ಇದು ಸೆಂಟ್ರಲ್ ಸ್ಲೀಪ್ ಅಪ್ನಿಯದ ಒಂದು ರೂಪ. ಗೊರಕೆಯ ಅಪ್ನಿಯದಲ್ಲಿ ಗಂಟಲು ಮುಚ್ಚಿಕೊಂಡರೂ ಎದೆ ಉಸಿರಿಗಾಗಿ ಎಳೆದಾಡುತ್ತಿರುತ್ತದೆ. ಇಲ್ಲಿ ದಾರಿ ತೆರೆದಿದ್ದರೂ ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಹೊರಡುವುದಿಲ್ಲ. ಬಳಲಿದ ಹೃದಯ ರಕ್ತವನ್ನು ನಿಧಾನಕ್ಕೆ ದೂಡುವುದರಿಂದ ಇಂಗಾಲದ ಡೈಆಕ್ಸೈಡ್‌ನ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಅತಿಯಾಗಿ ಉಸಿರಾಡಿ ಆ ಅನಿಲ ತೀರಾ ಕಡಿಮೆಯಾಗಿರುತ್ತದೆ, ಮಿದುಳು ಸುಮ್ಮನಾಗುತ್ತದೆ.

ಎಎಸ್‌ವಿ (ಅಡಾಪ್ಟಿವ್ ಸರ್ವೋ-ವೆಂಟಿಲೇಷನ್) ಯಂತ್ರ ಬಂದಾಗ ಆಸೆ ಹುಟ್ಟಿದ್ದು ಸಹಜ. ಉಸಿರು ಕುಗ್ಗಿದರೆ ಮಾಸ್ಕಿನ ಮೂಲಕ ಹೆಚ್ಚು ಒತ್ತಡ, ಏರಿದರೆ ಕಡಿಮೆ. 2015ರಲ್ಲಿ ಸರ್ವ್-ಎಚ್‌ಎಫ್ ಅಧ್ಯಯನದ ಫಲ ಹೊರಬಂತು. ಎಜೆಕ್ಷನ್ ಫ್ರಾಕ್ಷನ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು (ಎಕೋ ಎಂಬ ಹೃದಯದ ಸ್ಕ್ಯಾನ್‌ನಲ್ಲಿ ಅಳೆಯುವುದು), ಶೇ. 45 ಅಥವಾ ಅದಕ್ಕಿಂತ ಕಡಿಮೆಯಿದ್ದ 1325 ರೋಗಿಗಳು ಅದರಲ್ಲಿದ್ದರು. ಯಂತ್ರ ತನ್ನ ಕೆಲಸ ಚೆನ್ನಾಗಿಯೇ ಮಾಡಿತು: ಗಂಟೆಗೆ 31ರಷ್ಟಿದ್ದ ಉಸಿರಿನ ಅಡಚಣೆ ವರ್ಷದಲ್ಲಿ 7ರ ಆಸುಪಾಸಿಗೆ ಇಳಿಯಿತು. ಆದರೆ ಹೃದ್ರೋಗದಿಂದ ಸತ್ತವರು ಯಂತ್ರವಿಲ್ಲದ ಗುಂಪಿನಲ್ಲಿ ಶೇ. 24, ಯಂತ್ರವಿದ್ದ ಗುಂಪಿನಲ್ಲಿ ಶೇ. 29.9.

ಪರದೆಯ ಮೇಲಿನ ಅಂಕಿ ಸುಧಾರಿಸಿತು, ರೋಗಿ ಉಳಿಯಲಿಲ್ಲ. ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ? ನಂತರದ ಅಡ್ವೆಂಟ್-ಎಚ್‌ಎಫ್ ಅಧ್ಯಯನದಲ್ಲಿ ಬೇರೆ ಬಗೆಯ ಎಎಸ್‌ವಿ ಸಾವನ್ನು ಹೆಚ್ಚಿಸಲಿಲ್ಲ, ಆಯಸ್ಸನ್ನೂ ಹೆಚ್ಚಿಸಲಿಲ್ಲ.

ಹಾಗೆಂದು ಯಂತ್ರವೇ ಬೇಡ ಎಂದು ಯಾರೂ ಹೇಳಬಾರದು. ಪಿಎಚ್‌ಓಎಕ್ಸ್2ಬಿ ಜೀನಿನ ದೋಷದಿಂದ ಹುಟ್ಟಿನಿಂದಲೇ ನಿದ್ದೆಯಲ್ಲಿ ಉಸಿರು ಕುಂದುವ ಮಕ್ಕಳಿಗೆ ಪ್ರತಿ ರಾತ್ರಿ ವೆಂಟಿಲೇಟರ್ ಬೇಕೇಬೇಕು. ಸ್ವಲ್ಪ ದೊಡ್ಡವರಾದ ಮೇಲೆ ಅವರಲ್ಲಿ ಹಲವರಿಗೆ ಬರೀ ಮಾಸ್ಕಿನ ಬೈಪ್ಯಾಪ್ ಯಂತ್ರ ಸಾಕಾಗುತ್ತದೆ, ಆದರೆ ಉಸಿರು ನಿಂತಾಗ ತಾನೇ ಉಸಿರು ಕೊಡುವ ಸೆಟ್ಟಿಂಗ್ ಅದರಲ್ಲಿರಬೇಕು. ಮಾರ್ಫಿನ್ ಜಾತಿಯ ನೋವಿನ ಮಾತ್ರೆಯಿಂದ ಅಪ್ನಿಯ ಬಂದಿದ್ದರೆ ಮೊದಲು ಆ ಮಾತ್ರೆಯ ಡೋಸ್ ಬಗ್ಗೆ ವೈದ್ಯರೊಡನೆ ಮಾತಾಡಬೇಕು.

ಆದ್ದರಿಂದ ಒತ್ತಾಯ ಇಷ್ಟೇ: ಪರೀಕ್ಷೆಯಾಗದೆ ಯಂತ್ರ ಕೊಳ್ಳಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದರಿಂದಲೇ ಅಪ್ನಿಯ ಯಾವುದೆಂದು ತಿಳಿಯದು. ಎದೆಗೂ ಹೊಟ್ಟೆಗೂ ಬೆಲ್ಟ್ ಕಟ್ಟಿ ಮಾಡುವ ಸ್ಲೀಪ್ ಸ್ಟಡಿ ಬೇಕು. ಹೃದ್ರೋಗಿಯಾದರೆ ಎಕೋ ಕೂಡ ಆಗಲಿ, ಹೃದಯದ ಔಷಧಿ ಮೊದಲು ಸರಿಯಾಗಲಿ. ಈಗಾಗಲೇ ಎಎಸ್‌ವಿ ಬಳಸುತ್ತಿರುವವರು ತಾವಾಗಿ ನಿಲ್ಲಿಸದೆ, ಎಕೋ ವರದಿ ಹಿಡಿದು ಇದೇ ವಾರ ವೈದ್ಯರನ್ನು ಕಾಣಲಿ.