ಹಡಗಿನ ಆಯುಸ್ಸು ಉಗ್ರಾಣದಲ್ಲಿ

ಊರಿನ ಹಳೆಯ ಹಿಟ್ಟಿನ ಗಿರಣಿ ಕೆಟ್ಟು ನಿಂತಾಗ ಮಾಲೀಕ ಕೇಳುವ ಮೊದಲ ಪ್ರಶ್ನೆ, "ಪಾರ್ಟು ಸಿಗುತ್ತದೆಯೇ?" ಸಿಕ್ಕರೆ ಗಿರಣಿ ಇನ್ನೂ ಹತ್ತು ವರ್ಷ ನಡೆದೀತು; ಸಿಗದಿದ್ದರೆ ಗುಜರಿ ಅಂಗಡಿಯೇ ಗತಿ. ಸುಮಾರು 5,000 ಟನ್ ತೂಗುವ ಯುದ್ಧನೌಕೆಗೂ ಇದೇ ನಿಯಮ. ಭಾರತದ ರಾಜಪೂತ್ ವರ್ಗದ ವಿಧ್ವಂಸಕ ನೌಕೆಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

ರಾಜಪೂತ್, ರಾಣಾ, ರಣಜಿತ್, ರಣವೀರ್ ಮತ್ತು ರಣವಿಜಯ್ ಎಂಬ ಐದು ಹಡಗುಗಳು 1980ರ ದಶಕದಲ್ಲಿ ಒಂದೊಂದಾಗಿ ನಮ್ಮ ನೌಕಾಪಡೆಯನ್ನು ಸೇರಿದವು. ಐದನ್ನೂ ಕಟ್ಟಿದ್ದು ಅಂದಿನ ಸೋವಿಯತ್ ಒಕ್ಕೂಟದ ನಿಕೊಲಾಯೆವ್‌ನಲ್ಲಿ. ಅದೇ ಇಂದಿನ ಉಕ್ರೇನಿನ ಮಿಕೊಲಾಯಿವ್ ನಗರ.

ಈ ಹಡಗುಗಳನ್ನು ಓಡಿಸುವುದು ನಾಲ್ಕು ಅನಿಲ ಟರ್ಬೈನುಗಳು. ವಿಮಾನದ ಜೆಟ್ ಎಂಜಿನ್ನಿನಂತೆ ಇವು ಗಾಳಿಯನ್ನು ಹೀರಿ, ಒತ್ತಿ, ಇಂಧನದೊಡನೆ ಉರಿಸುತ್ತವೆ. ಆ ಬಿಸಿ ಅನಿಲ ಅಲಗುಗಳನ್ನು ತಿರುಗಿಸುತ್ತದೆ. ಆದರೆ ಕಡಲ ಗಾಳಿಯಲ್ಲಿ ಉಪ್ಪಿದೆ, ಇಂಧನದಲ್ಲಿ ಗಂಧಕವಿದೆ. ಅತಿ ಕಾವಿನಲ್ಲಿ ಇವೆರಡೂ ಕೂಡಿ ಅಲಗಿನ ಲೋಹವನ್ನು ಸವೆಸುತ್ತವೆ. ಆದ್ದರಿಂದಲೇ ಟರ್ಬೈನಿನ ವಯಸ್ಸನ್ನು ವರ್ಷಗಳಲ್ಲಿ ಅಳೆಯದೆ, ಓಡಿದ ಗಂಟೆಗಳಲ್ಲಿ ಅಳೆಯುತ್ತಾರೆ. ಗೊತ್ತಾದ ಗಂಟೆಗಳು ಮುಗಿದೊಡನೆ ಅದನ್ನು ಪೂರ್ತಿ ಬಿಚ್ಚಿ, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಬೇಕು.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಒಂದೇ ದೇಶದ ಕಾರ್ಖಾನೆಗಳು ಹಲವು ದೇಶಗಳಿಗೆ ಹಂಚಿಹೋದವು. ಟರ್ಬೈನ್ ತಯಾರಿಸುವವರು ಉಕ್ರೇನಿನಲ್ಲಿ ಉಳಿದರೆ, ಎಷ್ಟೋ ಆಯುಧಗಳನ್ನು ತಯಾರಿಸುವವರು ರಷ್ಯಾದಲ್ಲಿ ಉಳಿದರು. ರೂಪಾಯಿ ಲೆಕ್ಕದ ಹಳೆಯ ವ್ಯಾಪಾರವೂ ನಿಂತಿತು. ಮನೆ ಪಾಲಾದಾಗ ಬೀಗ ಒಬ್ಬನಿಗೆ, ಕೀಲಿಕೈ ಇನ್ನೊಬ್ಬನಿಗೆ ಹೋದಂತಾಯಿತು. ಹಡಗು ಗಟ್ಟಿಯಾಗಿದ್ದರೂ ಒಂದು ಚಿಕ್ಕ ಕವಾಟಕ್ಕಾಗಿ ದಡದಲ್ಲಿ ನಿಲ್ಲಬೇಕಾದೀತು.

ರಿಪೇರಿಯ ವಿದ್ಯೆಯನ್ನು ಇಲ್ಲೇ ಬೆಳೆಸಿಕೊಳ್ಳುವುದೇ ಇದಕ್ಕೆ ಮದ್ದು. ವಿಶಾಖಪಟ್ಟಣದ ನೌಕಾ ಡಾಕ್‌ಯಾರ್ಡಿನಲ್ಲಿ ಹಡಗುಗಳ ದುರಸ್ತಿ ನಡೆಯುತ್ತದೆ. ಅಲ್ಲಿನ ಐಎನ್‌ಎಸ್ ಏಕಶಿಲಾ ಕೇಂದ್ರದಲ್ಲಿ ಟರ್ಬೈನುಗಳನ್ನು ಬಿಚ್ಚಿ ಹೊಸದಾಗಿಸುತ್ತಾರೆ. ಫಲವೂ ಕಣ್ಣೆದುರಿಗಿದೆ. 1980ರ ಮೇ 4ರಂದು ಸೇವೆಗೆ ಸೇರಿದ ರಾಜಪೂತ್, ಬ್ರಹ್ಮೋಸ್ ಕ್ಷಿಪಣಿಯ ಪರೀಕ್ಷೆಗಳಿಗೂ ವೇದಿಕೆಯಾಗಿ, 2021ರ ಮೇ 21ರಂದು ನಿವೃತ್ತಿಯಾಯಿತು. ಈ 41 ವರ್ಷಗಳಲ್ಲಿ ಅದು ಕ್ರಮಿಸಿದ್ದು 7.87 ಲಕ್ಷ ನಾಟಿಕಲ್ ಮೈಲಿ, ಅಂದರೆ ಭೂಮಿಯಿಂದ ಚಂದ್ರನಿಗಿರುವ ದೂರದ ಸುಮಾರು 3.8 ಪಟ್ಟು! ರಣಜಿತ್ 2019ರಲ್ಲೇ ವಿಶ್ರಾಂತಿ ಪಡೆದಿತ್ತು.

ಆದರೆ ಪಾಠ ಮುಗಿದಿಲ್ಲ. ರಾಜಪೂತ್ ನಿವೃತ್ತಿಯಾದ ಆರು ತಿಂಗಳಿಗೆ, 2021ರ ನವೆಂಬರ್ 21ರಂದು, ಮುಂಬಯಿಯಲ್ಲೇ ಕಟ್ಟಿದ ಹೊಸ ವಿಧ್ವಂಸಕ ನೌಕೆ ಐಎನ್‌ಎಸ್ ವಿಶಾಖಪಟ್ಟಣಂ ಸೇವೆಗೆ ಸೇರಿತು. ವಿನ್ಯಾಸ ನಮ್ಮದು, ಕೆಲಸ ನಮ್ಮದು. ಟರ್ಬೈನುಗಳು ಮಾತ್ರ ಮತ್ತೆ ಮಿಕೊಲಾಯಿವ್‌ನವೇ. ಮರುವರ್ಷವೇ ಯುದ್ಧ ಹೊತ್ತಿ, ಆ ನಗರದ ಮೇಲೆ ಕ್ಷಿಪಣಿಗಳು ಬಿದ್ದವು.

ಹಡಗಿನ ಒಡಲನ್ನು ಕಟ್ಟುವುದನ್ನು ನಾವು ಕಲಿತಿದ್ದೇವೆ, ಹಳೆಯ ಎದೆಯನ್ನು ರಿಪೇರಿ ಮಾಡುವುದನ್ನೂ ಕಲಿತಿದ್ದೇವೆ. ಆ ಎದೆಯನ್ನೇ ಇಲ್ಲಿ ತಯಾರಿಸುವವರೆಗೆ, "ಪಾರ್ಟು ಸಿಗುತ್ತದೆಯೇ?" ಎಂಬ ಗಿರಣಿಯವನ ಪ್ರಶ್ನೆ ನೌಕಾಪಡೆಯನ್ನೂ ಬಿಡುವುದಿಲ್ಲ.