ಮತ ಬಂದಿತು, ಮಣ್ಣು ಬರಲಿಲ್ಲ

ದಕ್ಷಿಣ ಆಫ್ರಿಕಾದ 1913ರ ಭೂಶಾಸನವು ಬಹುಸಂಖ್ಯಾತ ಕಪ್ಪು ಜನರಿಗೆ ಉಳಿಸಿದ್ದು ನಾಡಿನ ನೆಲದಲ್ಲಿ ನೂರಕ್ಕೆ ಸುಮಾರು 7 ಭಾಗ. 1994ರ ಏಪ್ರಿಲ್‌ನಲ್ಲಿ ವರ್ಣಭೇದದ ಆಳ್ವಿಕೆ ಮುಗಿದು ಸರ್ವರೂ ಮತವಿತ್ತರು; ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಐದು ವರ್ಷಗಳಲ್ಲಿ ನೂರಕ್ಕೆ 30 ಭಾಗ ಕೃಷಿಭೂಮಿಯನ್ನು ಹಂಚುವೆವೆಂದು ಹೊಸ ಸರಕಾರ ಸಂಕಲ್ಪಿಸಿತು. ಆದರೆ ಒಡೆಯನು ಮಾರಲೊಪ್ಪಿದರೆ ಮಾತ್ರ ಬೆಲೆತೆತ್ತು ಕೊಳ್ಳಬೇಕೆಂಬ ನಿಯಮವನ್ನೂ ತಾನೇ ಹಾಕಿಕೊಂಡಿತು. ಕಸಿದುಕೊಂಡಾಗ ಯಾರ ಒಪ್ಪಿಗೆ ಕೇಳಲಾಗಿತ್ತು? ಬಂಡವಾಳ ಹೊರಗೆ ಹರಿದುಹೋದೀತೆಂಬ ಅಂಜಿಕೆ ಪೂರ್ಣ ನಿರಾಧಾರವಾಗಿರಲಿಲ್ಲವೆನ್ನಿ. ಫಲವೇನೆಂದರೆ, 2017ರ ಸರಕಾರಿ ಲೆಕ್ಕದಂತೆ ವ್ಯಕ್ತಿಗಳ ಹೆಸರಿನಲ್ಲಿದ್ದ ಕೃಷಿಭೂಮಿಯಲ್ಲಿ ನೂರಕ್ಕೆ 72 ಭಾಗ ಬಿಳಿಯರದೇ. ಅವರ ಸಂಖ್ಯೆಯೋ ಜನತೆಯಲ್ಲಿ ನೂರಕ್ಕೆ 10ನ್ನೂ ಮುಟ್ಟದು. ಕೆಲವು ಸಂದರ್ಭಗಳಲ್ಲಿ ಪರಿಹಾರವಿಲ್ಲದೆಯೂ ಭೂಮಿಯನ್ನು ವಶಪಡಿಸಿಕೊಳ್ಳಬಹುದೆಂಬ ಶಾಸನಕ್ಕೆ ಅಲ್ಲಿ ಅಧ್ಯಕ್ಷರ ಅಂಕಿತ ಬಿದ್ದುದು 2025ರ ಜನವರಿಯಲ್ಲಿ.